ಹನ್ನೊಂದನೆಯ ಮಣಿ

ಮೇಣದಬತ್ತಿಯನ್ನು ಊದಿ ಆರಿಸಬಾರದು ಎಂಬುದು ನಮ್ಮ ಮಾಯಿಯ ಕಟ್ಟಳೆ. ಅಮ್ಮನನ್ನು ನಾವು ಮಾಯಿ ಎನ್ನುತ್ತಿದ್ದೆವು. ಅವಳು ಬೆರಳನ್ನು ನಾಲಿಗೆಗೆ ತಾಗಿಸಿ ಬತ್ತಿಯನ್ನು ಚಿವುಟಿದರೆ ಚುರ್ ಎಂದು ಸದ್ದಾಗಿ ಒಂದೆಳೆ ಹೊಗೆ ಏಳುತ್ತಿತ್ತು. ಈಗಲೂ ಯಾರದಾದರೂ ಹುಟ್ಟುಹಬ್ಬದಲ್ಲಿ ಬತ್ತಿ ಆರಿದಾಗ ಉಳಿದವರು ಚಪ್ಪಾಳೆ ತಟ್ಟುತ್ತಾರೆ, ನನಗೆ ಆ ವಾಸನೆಗೆ ಮೊಣಕಾಲು ನೋಯತೊಡಗುತ್ತದೆ. ನಿಮಗೂ ಇಂಥ ಒಂದು ವಾಸನೆ ಇದ್ದೀತು.

ಶಿರಸಿ ಪೇಟೆಯ ಬಾಡಿಗೆ ಮನೆ ಅದು. ಇಗರ್ಜಿಯ ಸಂಜೆಗಂಟೆ ಬಾರಿಸಿದರೆ ಮೇಣದಬತ್ತಿ ಹಚ್ಚಿ, ಚಾಪೆ ಹಾಸಿ, ಮೊಣಕಾಲೂರಿ ತೇರ್ಸ್ ಹೇಳಬೇಕು. ಜಪಸರಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹತ್ತು ಮಣಿಗೆ ಹತ್ತು ನಮೋ ಮರಿಯಾ, ಅಂಥ ಐದು ಸುತ್ತು. ಬಡಗಿ ಕೆಲಸ ಮುಗಿಸಿ ಬಂದ ಅಪ್ಪ, ಹುಬ್ಬಿನ ಮೇಲಿನ ಮರದ ಹುಡಿಯನ್ನೂ ಒರೆಸದೆ, ಎರಡನೆಯ ಸುತ್ತಿಗೇ ತೂಕಡಿಸುತ್ತಿದ್ದರು. "ನೀವು ಮಲಗಿ, ಮಾತೆ ಕಾಯ್ತಾಳೆ ಬಿಡಿ" ಎಂದು ಮಾಯಿ ಚುಚ್ಚಿದರೆ ದಡಬಡಿಸಿ ಎದ್ದು, "ಹತ್ತು ಆಯ್ತಾ?" ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಹತ್ತಕ್ಕೆ ಮುಗಿಯುತ್ತಿರಲಿಲ್ಲ. ತಂಗಿ ರೋಸಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂದು ಕಿವಿ ಹೋಯಿತು, ಆಗಷ್ಟೇ ಕಲಿತಿದ್ದ ಮಾತೂ ಹೋಯಿತು. ಅವಳಿಗೆ ಕಿವಿ ಬರಲೆಂದು ಮಾಯಿ ಪ್ರತಿ ಸುತ್ತಿಗೆ ಒಂದು ನಮೋ ಮರಿಯಾ ಹೆಚ್ಚು ಸೇರಿಸಿದಳು. ಅದಕ್ಕೆ ಸರದಲ್ಲಿ ಮಣಿ ಇರಲಿಲ್ಲ. ಪಕ್ಕದಲ್ಲಿ ಕೂತ ರೋಸಿಯ ಕಿರುಬೆರಳನ್ನೇ ಮಣಿಯಂತೆ ಹಿಡಿದು ಹೇಳುತ್ತಿದ್ದಳು. ನಾನಂತೂ ಲೋಕದ ತೇರ್ಸಿಗೆಲ್ಲ ಹನ್ನೊಂದೇ ಎಂದುಕೊಂಡಿದ್ದೆ. ಒಮ್ಮೆ ಇಗರ್ಜಿಯಲ್ಲಿ ಎಲ್ಲರೂ ಹತ್ತು ಮುಗಿಸಿ ಮುಂದಕ್ಕೆ ಹೊರಳಿದಾಗ ನಾನೊಬ್ಬಳೇ ದೊಡ್ಡ ದನಿಯಲ್ಲಿ ಹನ್ನೊಂದನೆಯದನ್ನು ಶುರುಮಾಡಿದೆ. ಹಿಂದಿನ ಬೆಂಚಿನ ಹೆಂಗಸು, "ಇದ್ಯಾವ ಊರಿನ ತೇರ್ಸ್ ಮಾರಾಯ್ತಿ?" ಎಂದು ಕಿಸಕ್ಕನೆ ನಕ್ಕಿದ್ದಳು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ರೋಸಿಯನ್ನು ಕೊನೆಯ ಸಲ ಹುಬ್ಬಳ್ಳಿಯಲ್ಲಿ ತೋರಿಸಿದೆವು. ನರವೇ ಸತ್ತಿದೆ, ಇನ್ನು ಬರುವುದು ಬೇಡ ಎಂದರು ಡಾಕ್ಟರು. ವಾಪಸು ಬರುವಾಗ ಬಸ್ಸು ಎಕ್ಕಂಬಿ ದಾಟಿದರೂ ಮಾಯಿ ಕಿಟಕಿಯಾಚೆ ಕೈ ತೋರಿಸುತ್ತ, "ನೋಡು ರೋಸಿ, ಎಮ್ಮೆ ಹೇಗೆ ಮಲಗಿದೆ, ನಿನ್ನ ಅಪ್ಪನ ಹಾಗೆ" ಎಂದು ಹೇಳುತ್ತಲೇ ಇದ್ದಳು. ಕೇಳದವಳಿಗೆ ದಾರಿಯುದ್ದಕ್ಕೂ ಮಾತು. ಮನೆಗೆ ಬಂದು, ಸೀರೆ ಕೂಡ ಬದಲಿಸದೆ, ಮೇಣದಬತ್ತಿ ಹಚ್ಚಿದಳು. ನನಗೆ ತಡೆಯಲಾಗಲಿಲ್ಲ.

"ಇನ್ನೂ ಎಂತಕ್ಕೆ ಮಾಯಿ? ನಿನ್ನ ದೇವ್ರು ಕೆಪ್ಪ!"

ಅಪ್ಪ ಬೆಚ್ಚಿ ತಲೆಯೆತ್ತಿದರು. ಮಾಯಿ ಹೊಡೆಯಲು ಎತ್ತಿದ ಕೈಯನ್ನು ಹಾಗೇ ಇಳಿಸಿ, ಗೋಡೆಗೆ ಒರಗಿದಳು. ಅವಳು ಅಷ್ಟು ದಣಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಕೆಪ್ಪ ಆದ್ರೆ ಆಗ್ಲಿ. ರೋಸಿ ಕೆಪ್ಪಿ ಅಂತ ನಾ ಅವ್ಳ ಹತ್ರ ಮಾತಾಡುದು ಬಿಟ್ಟೆನಾ? ಚಾಪೆ ಹಾಸು."

ಹಾಸಿದೆ. ಅವತ್ತೂ ಹನ್ನೊಂದೇ.

ಈಗ ಮಾಯಿಯೂ ಇಲ್ಲ, ಅಪ್ಪನೂ ಇಲ್ಲ. ಮನೆಯಿದ್ದಲ್ಲಿ ಮೊಬೈಲ್ ಅಂಗಡಿಗಳಾಗಿವೆ. ರೋಸಿ ನನ್ನ ಜೊತೆಗಿದ್ದಾಳೆ, ರವಿಕೆ ಹೊಲಿಯುತ್ತಾಳೆ. ಆ ಹನ್ನೊಂದನೆಯದು ತನಗಾಗಿ ಎಂದು ಅವಳಿಗೆ ಗೊತ್ತಿತ್ತೇ ಎಂದು ನಾನು ಕೇಳಿಲ್ಲ. ಅದನ್ನು ಕೇಳುವ ಸನ್ನೆ ನನಗೆ ತಿಳಿಯದು. ಎಷ್ಟೋ ಸಂಜೆ ದಣಿದು, ತೇರ್ಸಿನ ಸುತ್ತು ಹತ್ತಕ್ಕೇ ಸಾಕು ಎನಿಸುತ್ತದೆ. ಅಷ್ಟರಲ್ಲಿ ರೋಸಿಯ ಕಿರುಬೆರಳು ನನ್ನತ್ತ ಚಾಚಿರುತ್ತದೆ. ಹಿಡಿಯುವವರೆಗೂ ಅವಳು ಹಿಂದೆಗೆಯುವುದಿಲ್ಲ. ಹಿಡಿದುಕೊಳ್ಳುತ್ತೇನೆ, ದೇವರಲ್ಲಿ ಇಂಥದ್ದು ಬೇಕೆಂದು ಕೇಳದೆ ಹನ್ನೊಂದನೆಯದನ್ನೂ ಹೇಳಿ ಮುಗಿಸುತ್ತೇನೆ.

ಆಮೇಲೆ ಬತ್ತಿ ಚಿವುಟುವುದು ಅವಳೇ. ಆ ಚುರ್ ಸದ್ದು ಅವಳಿಗೆ ಕೇಳುವುದಿಲ್ಲ. ನಾನು ಕೇಳಿಸಿಕೊಳ್ಳುತ್ತೇನೆ.