ತೊಗರಿಬೇಳೆಯೂ ಬಿಸಿನೀರಿನ ತೊಟ್ಟಿಯೂ

ಎರಡು ಸಾವಿರದ ಹತ್ತರ ಆಚೀಚೆ, ಕಾಮೋಠೆಯ ರೋ-ಹೌಸಿನ ಹಿಂದುಗಡೆ ಬಟ್ಟೆ ಒಣಹಾಕುವ ಜಾಗದಲ್ಲಿ, ನನ್ನ ಭಾವ ಒಂದು ಸ್ಪಾ ತೊಟ್ಟಿಯನ್ನು ಪ್ರತಿಷ್ಠಾಪಿಸಿದರು. ಪ್ರತಿಷ್ಠಾಪನೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ; ಮೊದಲ ಸ್ವಿಚ್ ಒತ್ತುವ ಮುನ್ನ ಅದಕ್ಕೆ ಅರಶಿನ ಕುಂಕುಮ ಹಚ್ಚಿ ಕಾಯಿ ಒಡೆದಿದ್ದರು.

ಇಷ್ಟೆಲ್ಲ ಅಕ್ಕನ ಮೊಣಕಾಲಿಗಾಗಿ. ಅಕ್ಕನಿಗೆ ನೆಲದ ಮೇಲೆ ಕೂರಲಾಗದೆ ವರ್ಷಗಳಾಗಿದ್ದವು. ಆ ಬಿಸಿನೀರಿನಲ್ಲಿ, ನಾಲ್ಕೂ ಕಡೆಯಿಂದ ಗುಳುಗುಳು ನುಗ್ಗುವ ಧಾರೆಯ ನಡುವೆ, ಅವಳ ಕಾಲು ಮಡಚುತ್ತಿತ್ತು. ನೈಟಿಯಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ತೊಟ್ಟಿಯ ಅಂಚಿನಲ್ಲಿ ತಟ್ಟೆಯಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ಜಗತ್ತಿನಲ್ಲಿ ಅವಳು ಹಾಗೆ ಕೂರಬಲ್ಲ ಜಾಗ ಅದೊಂದೇ.

ತೊಟ್ಟಿಯ ಜೊತೆ ಬಂದ ಪುಸ್ತಿಕೆಯ ಪ್ರಕಾರ ನೀರಿನ ಗಡಸುತನ ಹದವಾಗಿರಬೇಕು. ಮೆದುವಾದರೆ ನೊರೆ, ಗಡಸಾದರೆ ಸುಣ್ಣ ಕಟ್ಟಿ ಹೀಟರು ಸಾಯುತ್ತದೆ. ಕುಟುಂಬದಲ್ಲಿ ಬಿಎಸ್ಸಿ ಪಾಸಾದವನು ನಾನೊಬ್ಬನೇ ಆದ್ದರಿಂದ ಜಲಪರೀಕ್ಷಕನ ಹುದ್ದೆ ನನಗೆ ಬಂತು. ಭಾನುವಾರ ನಾನಿದ್ದ ವರ್ತಕ ನಗರದಿಂದ ಬಸ್ಸು ಹಿಡಿದು ಹೋಗಿ, ಕಾಗದದ ಪಟ್ಟಿಯೊಂದನ್ನು ನೀರಿಗೆ ಅದ್ದಿ, ಅದರ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ, ಗಂಭೀರವಾಗಿ ತಲೆಯಾಡಿಸುವುದು ನನ್ನ ಕೆಲಸ. ಮಳೆಗಾಲದಲ್ಲಿ ನಲ್ಲಿಯಲ್ಲಿ ಅಣೆಕಟ್ಟಿನ ಮೆದು ನೀರು ಧಾರಾಳ. ಗಡಸು ಏರಿಸಲು ಪುಸ್ತಿಕೆ ಹೇಳಿದ ಪುಡಿ ಒಂದಿಷ್ಟು ಹಾಕಿದರೆ ಮುಗಿಯಿತು. ಹುದ್ದೆ ಸುಖವಾಗಿತ್ತು.

ಬೇಸಿಗೆಯಲ್ಲಿ ನಲ್ಲಿ ಕೆಮ್ಮತೊಡಗಿತು. ಟ್ಯಾಂಕರಿನಲ್ಲಿ ಬೋರ್‌ವೆಲ್ ನೀರು ಬಂತು. ಪಟ್ಟಿ ನೀರು ಮುಟ್ಟಿದ್ದೇ ಕಡು ನೇರಳೆಯಾಯಿತು. ಡಬ್ಬಿಯ ಮೇಲೆ ಅದರಾಚೆಗೆ ಬಣ್ಣವೇ ಇರಲಿಲ್ಲ.

"ಭಾರೀ ಗಡಸು, ಭಾವ. ಇದನ್ನು ಚೆಲ್ಲಿ ಮೆದು ನೀರು ತುಂಬಿಸಬೇಕು."

"ಮೆದು ನೀರು ನಿನ್ನ ಕಿಸೆಯಲ್ಲುಂಟಾ?"

ಇರಲಿಲ್ಲ.

ಕಲ್ಯಾಣದ ಸ್ಟೇಷನ್ ಬಳಿ ಹೋಟೆಲು ನಡೆಸಿ ತಲೆ ನರೆತ ಭಾವನಿಗೆ ಪಟ್ಟಿಯ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. "ಕಾಗದಕ್ಕೆ ಎಂತ ಗೊತ್ತುಂಟು ಮಾರಾಯ? ಬೇಳೆಯನ್ನು ಕೇಳ್ಬೇಕು," ಎಂದು ತೊಟ್ಟಿಯಿಂದಲೇ ಒಂದು ಚೊಂಬು ನೀರೆತ್ತಿ ಅದರಲ್ಲಿ ಹಿಡಿ ತೊಗರಿಬೇಳೆ ಬೇಯಲಿಟ್ಟರು. ಎಷ್ಟು ಕುದಿದರೂ ಬೇಳೆ ಜಲ್ಲಿಕಲ್ಲಿನಂತೆ ಕುಣಿಯಿತೇ ಹೊರತು ಒಡೆಯಲಿಲ್ಲ. ಬೇಳೆ ಬೇಯದ ದಿನ ಹೋಟೆಲಿನಲ್ಲಿ ಮಾಡುವುದನ್ನೇ ಮಾಡಲು ಅವರು ಅಡುಗೆ ಸೋಡಾದ ಡಬ್ಬಿ ಎತ್ತಿಕೊಂಡು ತೊಟ್ಟಿಯ ಕಡೆ ಹೊರಟರು.

"ಬೇಡಿ ಭಾವ! ಸೋಡಾ ಹಾಕಿದರೆ ಸುಣ್ಣವೆಲ್ಲ ಹೊರಬಂದು ಹೀಟರಿಗೆ ಮೆತ್ತುತ್ತದೆ."

"ನಾನು ಬೇಯಿಸಿದ ಬೇಳೆ ನಿನ್ನ ಬಿಎಸ್ಸಿಗಿಂತ ಹಳತು."

ತೊಟ್ಟಿ ದೊಡ್ಡದಲ್ಲವೇ ಎಂದು ಭಾವ ಡಬ್ಬಿಯನ್ನೇ ಕವುಚಿದರು. ನೀರು ಹಾಲಾಯಿತು. "ನೋಡು, ಗಡಸು ಬಿಟ್ಟಿತು," ಎಂದರು, ಸಂತೃಪ್ತರಾಗಿ. ಅಕ್ಕ ಬಟಾಣಿ ತಟ್ಟೆಯೊಂದಿಗೆ ಆ ಕ್ಷೀರಸಾಗರಕ್ಕೆ ಇಳಿದಳು.

ಮುಂದಿನ ಭಾನುವಾರ ನಾನು ಹೋದಾಗ ನೀರು ತಣ್ಣಗಿತ್ತು. ಕರೆಸಿದ ಮೆಕ್ಯಾನಿಕ್ ಹೀಟರನ್ನು ಹೊರಗೆಳೆದ. ದಪ್ಪ ಹಿಟ್ಟಿನಲ್ಲಿ ಅದ್ದಿದ ಮಿರ್ಚಿಭಜಿಯಂತಿತ್ತು.

"ಕಾಕಾ, ಹ್ಯಾತ್ ಕಾಯ್ ಟಾಕ್ಲಂತ್?" ಇದಕ್ಕೆ ಏನು ಹಾಕಿದಿರಿ ಎಂದು ಅವನ ಪ್ರಶ್ನೆ.

ಭಾವ ಆಕಾಶ ನೋಡಿದರು.

"ಸಾಂಬಾರ್ ಬನಾತೇ ಥೇ," ಎಂದಳು ಅಕ್ಕ. "ತಡ್ಕಾ ಬಾಕಿ ಹೈ." ಸಾಂಬಾರು ಮಾಡುತ್ತಿದ್ದರಂತೆ, ಒಗ್ಗರಣೆಯೊಂದು ಬಾಕಿಯಂತೆ.

ಅವನು ನಕ್ಕ. ಹೊಸ ಹೀಟರು ಈಗಲೇ ಹಾಕಬಹುದು, ಆದರೆ ಇದೇ ನೀರಾದರೆ ಅದೂ ಹೀಗೇ ಹೋಗುತ್ತದೆ ಎಂದ. "ಪಾನಿ ಬದಲೋ, ಕಾಕಾ." ನಾವು ಮೂವರೂ ನಲ್ಲಿಯ ಕಡೆ ನೋಡಿದೆವು. ಅದು ಒಮ್ಮೆ ಗಾಳಿ ಉಗುಳಿ ಸುಮ್ಮನಾಯಿತು. ಅವನೂ ಅದನ್ನು ನೋಡಿ, ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದ.

ಅಕ್ಕ ತೊಟ್ಟಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಎರಡೂ ಕಾಲು ಮುಂದಕ್ಕೆ ಚಾಚಿ, ಬಟಾಣಿ ಸುಲಿಯತೊಡಗಿದಳು. ಒಂದು ಕಾಳು ಉರುಳಿ ನೆಲಕ್ಕೆ ಬಿತ್ತು. ಅದನ್ನೇ ನೋಡಿದಳು, ಬಗ್ಗಲಿಲ್ಲ. ನಾನು ಎತ್ತಿಕೊಟ್ಟೆ. ನನ್ನ ಬಿಎಸ್ಸಿಯಿಂದ ಆ ಮನೆಗಾದ ಉಪಯೋಗ ಅಷ್ಟೇ.

ಅಷ್ಟರಲ್ಲಿ ಹೊಸ ಟ್ಯಾಂಕರಿನ ಸದ್ದು. ಭಾವ ಚೊಂಬು ಹಿಡಿದು ಹೊರಗೋಡಿದರು. ತುಸು ಹೊತ್ತಿಗೆ ಅಡುಗೆಮನೆಯಿಂದ ಪಾತ್ರೆಯ ತಳಕ್ಕೆ ಬೇಳೆ ಬಡಿಯುವ ಟಕಟಕ ಕೇಳಿಸಿತು.

"ಬೆಂದಿತಾ?" ಅಕ್ಕ ಕೂತಲ್ಲಿಂದಲೇ ಕೂಗಿದಳು.

"ಇಲ್ಲ ಮಾರಾಯ್ತಿ."

"ಇನ್ನೂ ಸ್ವಲ್ಪ ಹೊತ್ತು ನೋಡಿ," ಎಂದಳು, ಮೊಣಕಾಲು ನೀವಿಕೊಳ್ಳುತ್ತ.