ಮತ್ತೆ ಹುಲ್ಲಿನಿಂದ ಶುರು

"ಹಸು ಹಿಂದಕ್ಕೆ ಹೊಡಿ ಮಾರಪ್ಪ! ಇಲ್ದಿದ್ರೆ ಕಾಲು ಮುರೀತೀನಿ."

"ಯಾರ ಕಾಲು? ಹಸೂದಾ, ನಂದಾ?"

ಹೋದ ಜೂನ್ ತಿಂಗಳ ಒಂದು ಬೆಳಗು. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭದ್ರಾವತಿಯಿಂದ ಶಂಕರಘಟ್ಟಕ್ಕೆ ಹೋಗುವ ದಾರಿಯ ಪಕ್ಕದ ಗುಡ್ಡದ ಬುಡದಲ್ಲಿ ದ್ಯಾಮಮ್ಮ ಕೈ ಅಗಲಿಸಿ ಎರಡು ಹಸುಗಳಿಗೆ ಅಡ್ಡ ನಿಂತಿದ್ದಾರೆ. ಜನ್ನಾಪುರದಿಂದ ಮೊದಲ ಬಸ್ಸಿಗೆ ಬಂದು ಈ ಗುಡ್ಡ ಕಾಯುವ ದಿನಗೂಲಿ ಕೆಲಸ ಅವರದು. ಹಸುಗಳ ಒಡೆಯ ಮಾರಪ್ಪ ಎಂಟು ವರ್ಷ ಅವರ ಜತೆಗೇ ಕಾವಲಿದ್ದವರು.

"ಸುಟ್ಟೋಳು ನೀನು. ಈಗ ಮೇಯಿಸ್ಬೇಡ ಅಂತ ನಂಗೆ ಹೇಳ್ತೀಯೇನಕ್ಕ?"

ದ್ಯಾಮಮ್ಮನ ಕೈ ಕೆಳಗಿಳಿಯುತ್ತದೆ. ಮಾತು ಸುಳ್ಳಲ್ಲ.

ನೀಲಗಿರಿ ಕಡಿದು ಬೋಳಾಗಿದ್ದ ಗುಡ್ಡ ಇದು. ಯಾರೂ ಗಿಡ ನೆಡಲಿಲ್ಲ. ಇವರಿಬ್ಬರು ಬೆಂಕಿ, ದನ ಬಿಡದೆ ಕಾದರು, ಅಷ್ಟೇ. ಮೊದಲು ಹುಲ್ಲು ಬಂತು. ಆಮೇಲೆ ಲಂಟಾನ, ಕವಳಿ ಪೊದೆ. ಹಣ್ಣಿಗೆ ಬಂದ ಹಕ್ಕಿಗಳು ನೇರಳೆ ಬೀಜ ಉದುರಿಸಿದವು. ಪೊದೆಯ ಮರೆಯಲ್ಲಿ ಮತ್ತಿ, ಹೊನ್ನೆ ಆಳೆತ್ತರ ಬೆಳೆದವು.

ಬೇಸಿಗೆಯ ಬೆಂಕಿ ಒಳನುಗ್ಗದಂತೆ ಪ್ರತಿ ಜನವರಿಯಲ್ಲಿ ಗುಡ್ಡದ ಸುತ್ತ ಒಂದು ಪಟ್ಟಿ ಸವರಿ, ಅಲ್ಲಿನ ತರಗೆಲೆ ಸುಟ್ಟು ಬರಿದು ಮಾಡುತ್ತಿದ್ದರು. ಆ ಜೂನ್‌ಗೆ ಮುಂಚಿನ ಜನವರಿಯಲ್ಲಿ ಮಾರಪ್ಪ, "ಗಾಳಿ ಎದ್ದಿದೆ, ನಾಳೆ ಹಚ್ಚೋಣ" ಅಂದಿದ್ದರು. "ಇವತ್ತೇ ಮುಗಿಸಿಬಿಡೋಣ, ಹಚ್ಚು" ಅಂದವರು ದ್ಯಾಮಮ್ಮ. ಕಾಡು ಉಳಿಸಲು ಹಚ್ಚಿದ ಬೆಂಕಿಯೇ ಕಾಡನ್ನು ತಿಂದಿತು.

ಮಳೆ ಬಿದ್ದದ್ದೇ ಗುಡ್ಡ ಹಸಿರಾಯಿತು. ದಾರಿಹೋಕರು ನಿಂತು ಫೋಟೊ ತೆಗೆಯುತ್ತಾರೆ. ಹಸಿರು ಕಂಡರೆ ಕಾಡು ಬಂತೆನ್ನುವ ಮೂರ್ಖರು ನಾವು. ಅದು ಬರೀ ಹುಲ್ಲು. ಎಂಟು ವರ್ಷ ಹಿಂದೆ ಮೊದಲು ಬಂದಿತ್ತಲ್ಲ, ಅದೇ ಹುಲ್ಲು.

ದ್ಯಾಮಮ್ಮ ಹುಲ್ಲು ಸರಿಸಿ ಕರಕಲು ಬುಡವೊಂದನ್ನು ತೋರಿಸುತ್ತಾರೆ. ಪಕ್ಕದಲ್ಲಿ ಹೆಬ್ಬೆರಳುದ್ದದ ಮತ್ತಿ ಚಿಗುರು.

"ಬೇರು ಸತ್ತಿಲ್ಲ ಕಣೋ. ಹುಲ್ಲಿನ ಜತೆ ಹಸು ಇದನ್ನೂ ಕಚ್ಚುತ್ತೆ. ಎರಡು ಮಳೆಗಾಲ ಬಿಟ್ಟುಬಿಡು ಮಾರಾಯ. ಹಸೂನ ಬಾಯಿಗೆ ಸಿಗದಷ್ಟು ಮೇಲೆ ಹೋಗ್ಲಿ."

"ಅಲ್ಲೀವರೆಗೂ ನನ್ ಹಸು ಏಕಾದಶಿ ಮಾಡ್ಬೇಕಾ?"

ಮಾರಪ್ಪ ಪಟ್ಟಿ ಸವರುವ ಕತ್ತಿಯನ್ನು ಸೊಂಟದಿಂದ ತೆಗೆದು ಅವರ ಕಾಲ ಬಳಿ ಎಸೆಯುತ್ತಾರೆ. "ತಗೋ. ನಿನ್ ಗುಡ್ಡ ನೀನೇ ಕಾಯ್ಕೋ." ಹಸುಗಳನ್ನು ತಿರುಗಿಸಿಕೊಂಡು ಹೊರಟೇಬಿಡುತ್ತಾರೆ.

ಅವರು ಕಣ್ಮರೆಯಾದ ಮೇಲೆ ದ್ಯಾಮಮ್ಮ ನನ್ನತ್ತ ತಿರುಗಿ ಹೇಳುತ್ತಾರೆ: "ಅವತ್ತು ಅವನ ಮಾತು ಕೇಳ್ಬೇಕಿತ್ತು. ಅವನ ಎದುರಿಗೆ ಹೇಳಕ್ಕೆ ಬಾಯಿ ಬರ್ಲಿಲ್ಲ ನೋಡಿ."

ಈ ಜನವರಿಯಲ್ಲಿ ಪಟ್ಟಿ ಸವರುತ್ತಿರುವುದು ಅವರೊಬ್ಬರೇ. ತರಗೆಲೆಗೆ ಬೆಂಕಿ ಇಡುವುದಿಲ್ಲ. ಅರ್ಧ ಬುಟ್ಟಿ ತುಂಬಿ, ತಲೆಯ ಮೇಲೆ ಹೊತ್ತು ರಸ್ತೆಯಾಚೆ ಸುರಿಯುತ್ತಾರೆ. ತುಂಬಿದ ಬುಟ್ಟಿಯನ್ನು ತಲೆಗೇರಿಸಲು ಇನ್ನೊಬ್ಬರ ಕೈ ಬೇಕು.

ಮಾರಪ್ಪ ಬಂದಿಲ್ಲ.