ನೀನು ತುಟಿಗೆ ತಂದ ಎರಡು ಬೆರಳು

ಕಾಶವ್ವ, ನಿನ್ನ ಓದು ನಿಲ್ಲಿಸಿದವಳು ನಾನು. ನಿನ್ನ ಅಂಕಗಳಲ್ಲ, ಹಣೆಬರಹವಲ್ಲ, ಬಾಗಲಕೋಟೆಯ ಆ ಸಂಸ್ಥೆಯವರೂ ಅಲ್ಲ — ನಾನು. ಒಂದು ಹಾಳೆಯ ಕೊನೆಯಲ್ಲಿ, ನೀಲಿ ಶಾಯಿಯಲ್ಲಿ, ಒಂದೇ ಸಾಲು ಬರೆದೆ. ಬರೆದು ಮರೆತೂ ಬಿಟ್ಟಿದ್ದೆ. ಮೂರು ವಾರಗಳ ಹಿಂದೆ ಇಳಕಲ್ಲಿನಲ್ಲಿ ನಿನ್ನನ್ನು ನೋಡುವವರೆಗೆ ಆ ಸಾಲು ನನ್ನ ಒಂದು ಹೊತ್ತಿನ ಊಟವನ್ನೂ ಕೆಡಿಸಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಎರಡು ವರ್ಷ ನಾನು ಕೊರಗಿದೆನೆಂದು ನೀನು ತಿಳಿಯಬಾರದು.

ಇದಕ್ಕಿಂತ ಕೆಟ್ಟದ್ದೂ ಒಂದಿದೆ. ಅದನ್ನು ಮೊದಲ ಪುಟದಲ್ಲೇ ಬರೆಯಲು ಹೋಗಿ ಮೂರು ಹಾಳೆ ಹರಿದೆ. ಬರುತ್ತದೆ — ಬರೆಯಲೇಬೇಕು.

ನಿನಗೆ ನಾನು ಹುನಗುಂದದ ಕಾಲೇಜಿನಲ್ಲಿ ಬಿಎಸ್ಸಿಗೆ ಗಣಿತ ಹೇಳಿದ ಮೇಡಂ. ಬಾಗಲಕೋಟೆಯಿಂದ ಬಸ್ಸಿಗೆ ಬರುವವಳು, ಮೆಲ್ಲಗೆ ಮಾತಾಡುವವಳು. ಅಷ್ಟೇ ಗೊತ್ತಿತ್ತು, ಅಷ್ಟೇ ಗೊತ್ತಿರಲಿ ಎಂದು ನಾನೂ ನೋಡಿಕೊಂಡಿದ್ದೆ. ನಾನು ಹುಟ್ಟಿದ್ದು ನಿಮ್ಮ ಇಳಕಲ್ಲಿನಲ್ಲೇ. ನನ್ನಪ್ಪ ಬೇರೆಯವರ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ನೋಡಿಕೊಳ್ಳುತ್ತಿದ್ದ. ಶೆಡ್ಡು ನಮ್ಮ ಅಡುಗೆಮನೆಯ ಗೋಡೆಯಾಚೆಯೇ ಇತ್ತು. ರೊಟ್ಟಿ ಬಡಿಯುವ ಸದ್ದು ಬಡಿಯುವ ಅವ್ವನಿಗೇ ಕೇಳಿಸುತ್ತಿರಲಿಲ್ಲ. ಅಂಥ ಕಡೆ ಮಾತು ನಡೆಯುವುದಿಲ್ಲ, ಕೈ ನಡೆಯುತ್ತದೆ. ಹೆಬ್ಬೆರಳು ತೋರುಬೆರಳು ಸೇರಿಸಿ ಹೊಸೆದರೆ ಎಳೆ ಹರಿದಿದೆ ಎಂದು. ಅಂಗೈ ಕೆಳಗೆ ಮಾಡಿದರೆ ಮಗ್ಗ ನಿಲ್ಲಿಸು ಎಂದು. ಎರಡು ಬೆರಳನ್ನು ತುಟಿಗೆ ಮುಟ್ಟಿಸಿ ಮುಂದೆ ಚಾಚಿದರೆ — ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಎಂದು. ಅಕ್ಷರ ಕಲಿಯುವ ಮೊದಲೇ ಇವನ್ನು ಕಲಿತಿದ್ದೆ.

ಶೆಡ್ಡಿನ ಮೂಲೆಯಲ್ಲೊಂದು ಸ್ಪೀಕರ್ ಇತ್ತು. ಮಗ್ಗದ ಸದ್ದನ್ನು ಮೀರುವ ಹಾಡಿಗೆ ಮಾತ್ರ ಅಲ್ಲಿ ಜಾಗ — ಡೊಳ್ಳಿನ ಪೆಟ್ಟಿನ, ಏರುದನಿಯ, ತುಸು ಪೋಲಿಯಾದ ಹಳ್ಳಿ ಹಾಡುಗಳು. ನನಗೆ ಅವು ಪ್ರಾಣ. ಲೆಕ್ಕ ಬಿಡಿಸುವಾಗ ಅವು ಗೋಡೆಯಾಚೆಯಿಂದ ಬಡಿಯುತ್ತಿದ್ದರೇ ನನಗೆ ಲೆಕ್ಕ ಕೂಡುತ್ತಿತ್ತು.

ಧಾರವಾಡಕ್ಕೆ ಎಂಎಸ್ಸಿಗೆ ಹೋದ ಮೊದಲ ವಾರ, ಹಾಸ್ಟೆಲಿನ ಕೋಣೆಯಲ್ಲಿ ಬಟ್ಟೆ ಮಡಚುತ್ತ ಅಂಥದೊಂದು ಹಾಡು ಹಾಕಿಕೊಂಡಿದ್ದೆ. ನನ್ನ ಕೋಣೆಯವಳು, ಮೈಸೂರು ಕಡೆಯ ಹುಡುಗಿ, ಕೆಟ್ಟವಳಲ್ಲ — ನಕ್ಕು ಹೇಳಿದಳು: “ಇದನ್ನೆಲ್ಲ ಕೇಳ್ತೀಯಾ? ನೋಡಿದ್ರೆ ಬುದ್ಧಿವಂತೆ ಥರ ಕಾಣ್ತೀಯ.”

ಹಾಡು ನಿಲ್ಲಿಸಿದೆ. ಮತ್ತೆಂದೂ ಹಾಕಲಿಲ್ಲ. ಒಂದೆರಡು ತಿಂಗಳಲ್ಲಿ ರಾಗಗಳ ಹೆಸರು ಕಲಿತೆ — ಬೆಳಗಿನವು ಯಾವುವು, ಸಂಜೆಯವು ಯಾವುವು. ಕಛೇರಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಪಕ್ಕದವರು ತಲೆದೂಗಿದಾಗ ನಾನೂ ತೂಗಿದೆ. ಮುಂದೆ ಆ ಸಂಗೀತ ನಿಜಕ್ಕೂ ಇಷ್ಟವಾಯಿತು, ಅದು ಸುಳ್ಳಲ್ಲ. ಆದರೆ ಇಷ್ಟವಾಗುವ ಮೊದಲೇ ಅದನ್ನು ಉಟ್ಟುಕೊಂಡು ತಿರುಗುತ್ತಿದ್ದೆ. ದನಿಯನ್ನೂ ತಗ್ಗಿಸಿದೆ. ಶೆಡ್ಡಿನ ಮಕ್ಕಳು ಕೂಗಿ ಮಾತಾಡುತ್ತಾರೆ, ಓದಿದವರು ಕೂಗುವುದಿಲ್ಲ — ಹೀಗೆ ಯಾರೂ ನನಗೆ ಹೇಳಲಿಲ್ಲ, ನಾನೇ ನೋಡಿ ಕಲಿತೆ. ಗಣಿತದ ಅಂಕಗಳಿಂದ ಸಿಗದ ಮರ್ಯಾದೆ ಒಂದು ರಾಗ ಗುರುತಿಸಿದ್ದಕ್ಕೆ ಸಿಕ್ಕಿತು. ಆ ಮರ್ಯಾದೆಯ ರುಚಿ —

ಇರಲಿ. ಇದು ನನ್ನ ಕಥೆಯಲ್ಲ.

ನೀನು ಮೊದಲ ಬೆಂಚಿನಲ್ಲಿ ಕೂರುತ್ತಿದ್ದೆ. ಪಾಠ ಮುಗಿಯಿತೋ ಇಲ್ಲವೋ ನಿನ್ನ ಕಿವಿಗೆ ಇಯರ್‌ಫೋನಿನ ತಂತಿ ಏರುತ್ತಿತ್ತು. ಮೇಜಿನ ಬಳಿ ನಿಂತ ನನಗೂ ಕೇಳುವಷ್ಟು ಜೋರಾಗಿ ಧಮ್ ಧಮ್ ಎನ್ನುವ ಡಿಜೆ ಹಾಡು, ಮದುವೆ ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಪೆಟ್ಟಿಗೆ ಹೇರಿ ಬಡಿಯುವಂಥದು. ಪಾಠದ ಹೊತ್ತಿನಲ್ಲಿ ನನ್ನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದೆ, ಕಣ್ಣು ಮಿಟುಕಿಸದೆ. ನಾನು ಹಲಗೆಯ ಕಡೆ ತಿರುಗಿ ಏನಾದರೂ ಕೇಳಿದರೆ ಉತ್ತರವಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಎಷ್ಟು ಸಲ ಅಂದುಕೊಂಡೆನೋ. ಆ ಗಾದೆ ಮಾಡಿದವರು ಕೋಣನ ಕಿವಿ ನೋಡಿದ್ದರೇ ಎಂದು ಒಮ್ಮೆಯೂ ಯೋಚಿಸಲಿಲ್ಲ.

ಆದರೆ ನಿನ್ನ ಉತ್ತರಪತ್ರಿಕೆಗಳನ್ನು ತಿದ್ದಿದವಳೂ ನಾನೇ ಅಲ್ಲವೆ? ಒಂದು ದಿನ ಹಲಗೆಯ ಮೇಲೆ ಎರಡನೆಯ ಸಾಲಿನಲ್ಲಿ ಋಣಚಿಹ್ನೆ ಬಿಟ್ಟು ಬರೆದಿದ್ದೆ. ಇಡೀ ತರಗತಿ ಆ ತಪ್ಪನ್ನೇ ಬರೆದುಕೊಂಡಿತು. ಎಲ್ಲರೂ ಹೋದ ಮೇಲೆ ನೀನು ಬಂದು, ಮಾತಿಲ್ಲದೆ, ಸೀಮೆಸುಣ್ಣದಿಂದ ಆ ಸಣ್ಣ ಗೆರೆ ಎಳೆದು ಹೋದೆ. ನಾಲ್ವರ ಎದುರು ತೋರಿಸದೆ ನನ್ನ ಮಾನ ಉಳಿಸಿದ್ದೆ. ನಾನೇನು ಮಾಡಿದೆ ಗೊತ್ತೆ — ಯಾರೋ ಹೇಳಿಕೊಟ್ಟಿರಬೇಕು ಎಂದುಕೊಂಡೆ.

ಬಾದಾಮಿಗೆ ತರಗತಿಯ ಪ್ರವಾಸ ಹೋದದ್ದು ನೆನಪಿದೆಯೆ? ಬಸ್ಸಿನಲ್ಲಿ ಹುಡುಗರು ಕುಣಿಯುತ್ತಿದ್ದರು. ನೀನು ಕುಣಿಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿದ್ದೆ. ನಾನು ಪಕ್ಕದಲ್ಲಿದ್ದ ಭೌತಶಾಸ್ತ್ರದ ಬಸವರಾಜ ಸರ್‌ಗೆ ಹೇಳಿದೆ, ನಾನು ರೂಢಿಸಿಕೊಂಡ ಪುಸ್ತಕದ ಕನ್ನಡದಲ್ಲಿ: “ಇಂಥ ಹಾಡು ಹಿಡಿಸುವ ತಲೆಗೆ ಗಣಿತ ಎಷ್ಟು ಹಿಡಿಸೀತು ಹೇಳಿ?”

ಅವರು ಶೇಂಗಾ ಸುಲಿಯುತ್ತಿದ್ದರು. “ಹಿಡಿಸೇತಲ್ರಿ ಮೇಡಮ್ಮಾರ. ನೀವ ಕೊಟ್ಟೀರಲ್ಲ ಎಲ್ಲಾರಕಿಂತ ಹೆಚ್ಚಿಗಿ ಮಾರ್ಕು,” ಎಂದರು. ಆಮೇಲೆ ಕಾಳು ಬಾಯಿಗೆ ಹಾಕಿಕೊಂಡು, “ನಾನೂ ಇವ ಹಾಡು ಕೇಳ್ತೇನ್ರಿ. ನನ್ನ ಡಿಗ್ರಿ ವಾಪಸ್ ಕೊಡಬೇಕೇನು?”

ನಕ್ಕೆ. ಆದರೆ ಮನಸ್ಸು ತಿದ್ದಿಕೊಳ್ಳಲಿಲ್ಲ.

ಆ ವರ್ಷ ಬಾಗಲಕೋಟೆಯ ಸಂಸ್ಥೆಯೊಂದು ನಮ್ಮ ಕಾಲೇಜಿನಿಂದ ಒಬ್ಬ ಹುಡುಗಿಯನ್ನು ಎಂಎಸ್ಸಿ ಓದಿಸುವುದಾಗಿ ಹೇಳಿತ್ತು — ವಸತಿ, ಊಟ, ಪುಸ್ತಕ ಎಲ್ಲ ಅವರದೇ. ಕೊನೆಗೆ ಉಳಿದವರು ನೀನು ಮತ್ತು ವಿದ್ಯಾ. ಅಂಕದಲ್ಲಿ ನೀನೇ ಮುಂದೆ. ಸಂದರ್ಶನ ಒಂದು ರೂಢಿ. ಪ್ರಿನ್ಸಿಪಾಲರು ಮತ್ತು ನಾನು ಕೂತು, ಅಧ್ಯಾಪಕರ ಅಭಿಪ್ರಾಯ ಎಂಬ ಕಡೆ ನಾನು ಒಂದು ಮಾತು ಬರೆಯಬೇಕಿತ್ತು. ವಿದ್ಯಾ ಮೊದಲು ಬಂದಳು. ಬಿಡುವಿನಲ್ಲಿ ಏನು ಕೇಳುತ್ತೀ ಎಂದದ್ದಕ್ಕೆ ಹಿಂದೂಸ್ತಾನಿ ಎಂದಳು, ಎರಡು ರಾಗದ ಹೆಸರು ಹೇಳಿದಳು. ಅವಳಲ್ಲಿ ನನ್ನನ್ನೇ ಕಂಡೆ. ಅವಳ ತಪ್ಪೇನಿಲ್ಲ.

ಆಮೇಲೆ ನೀನು. ಪ್ರಿನ್ಸಿಪಾಲರದು ದೊಡ್ಡ ದನಿ. ಅವರು ಕೇಳಿದ್ದಕ್ಕೆಲ್ಲ ನೀನು ಚುರುಕಾಗಿ ಉತ್ತರಿಸಿದೆ. ಹಾಡಿನ ಪ್ರಶ್ನೆಗೆ, “ಡಿಜೆ ಕೇಳ್ತೇನ್ರಿ ಸರ. ಎದಿಗೆ ಬಂದು ಬಡೀತಾವಲ್ರಿ, ಅಂಥವು,” ಎಂದೆ. ಅವರು ಹೊಟ್ಟೆ ಕುಣಿಸಿ ನಕ್ಕರು. ನಾನು ನಗಲಿಲ್ಲ — ನನಗೆ ನಾಚಿಕೆಯಾಯಿತು, ನೀನು ನನ್ನ ಮನೆಯವಳೋ ಎಂಬಂತೆ.

ಈಗ ಬರುತ್ತದೆ ಆ ಮಾತು.

ನನ್ನ ಸರದಿ ಬಂತು. ಅನಂತ ಶ್ರೇಣಿಯ ಮೇಲೆ ಒಂದು ಪ್ರಶ್ನೆ ಕೇಳಿದೆ. ನೀನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬಿಡಿಸಿದ್ದೇ ಅದು. ತಲೆಯ ಮೇಲೆ ಫ್ಯಾನು ಕರಕರ ತಿರುಗುತ್ತಿತ್ತು. ಮುಖ ಕಾಗದದ ಕಡೆ ಬಗ್ಗಿಸಿ, ನನ್ನ ತಗ್ಗಿದ ದನಿಯಲ್ಲಿ ಕೇಳಿದೆ. ನೀನು ಎರಡು ಬೆರಳನ್ನು ತುಟಿಗೆ ಮುಟ್ಟಿಸಿ ಮುಂದೆ ಚಾಚಿದೆ.

ಆ ಸನ್ನೆ ನನಗೆ ಗೊತ್ತಿತ್ತು, ಕಾಶವ್ವ.

ಪ್ರಿನ್ಸಿಪಾಲರಿಗೆ ಗೊತ್ತಿರಲಿಲ್ಲ, ಅವರು ಮರೋಳದ ಒಕ್ಕಲು ಮನೆತನದವರು, ಶೆಡ್ಡು ಕಂಡವರಲ್ಲ. ಆ ಕೋಣೆಯಲ್ಲಿ ಅದರ ಅರ್ಥ ತಿಳಿದವಳು ನಾನೊಬ್ಬಳೇ. ಇನ್ನೊಮ್ಮೆ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ನನಗೆ ಆ ಭಾಷೆ ಬರುತ್ತದೆಂದು ಗೊತ್ತಾಗುತ್ತಿತ್ತು — ಯಾರಿಗೆ? ಬಹುಶಃ ಯಾರಿಗೂ ಇಲ್ಲ. ಅಷ್ಟಕ್ಕೇ ಹೆದರಿದೆ. ಗೊತ್ತಿಲ್ಲದವಳಂತೆ ನಿನ್ನ ಮುಖ ನೋಡುತ್ತ ಕೂತೆ. ನೀನು ಕಾದೆ. ಮತ್ತೊಮ್ಮೆ ಬೆರಳು ತುಟಿಗೆ ಹೋಗಿ, ಅರ್ಧಕ್ಕೇ ಕೆಳಗಿಳಿಯಿತು. “ಸರಿ, ಹೋಗಬಹುದು,” ಎಂದೆ.

ನೀನು ಹೊಸಿಲು ದಾಟುವ ಮೊದಲೇ ಬರೆದೆ: ಶ್ರಮಪಡುತ್ತಾಳೆ, ಆದರೆ ಗ್ರಹಣಶಕ್ತಿ ಮಂದ, ಉನ್ನತ ವ್ಯಾಸಂಗಕ್ಕೆ ತಕ್ಕ ಅಭಿರುಚಿ ಇಲ್ಲ.

ಮೂರು ವಾರದ ಹಿಂದೆ, ಚಿಕ್ಕಪ್ಪನ ಮಗಳ ಮದುವೆಗೆ ಸೀರೆ ತರಲೆಂದು ಇಳಕಲ್ಲಿಗೆ ಬಂದೆ. ಅಂಗಡಿಯವರು ಇನ್ನೂ ಮಗ್ಗದ ಮೇಲಿದೆ, ನೋಡಬನ್ನಿ ಎಂದು ಶೆಡ್ಡಿಗೆ ಕರೆದೊಯ್ದರು. ಅಲ್ಲಿ ನೀನಿದ್ದೆ. ಬೆನ್ನು ಈ ಕಡೆ. ಫೋನನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಓಢಣಿಯಿಂದ ಬಿಗಿದು ಕಟ್ಟಿಕೊಂಡಿದ್ದೆ. ನಾನು ನಿನ್ನ ಹೆಸರು ಹಿಡಿದು ಕೂಗಿದೆ. ಪಕ್ಕದ ಮಗ್ಗದ ಹೆಂಗಸು ನನ್ನ ತೋಳು ಹಿಡಿದು, ಕಿವಿಗೆ ಬಾಯಿ ಹಚ್ಚಿ ಹೇಳಿದಳು: “ಹಿಂದಿಂದ ಕೂಗಬ್ಯಾಡ್ರಿ ಅಕ್ಕಾರ, ಮುಂದ ಹೋಗಿ ನಿಂದರ್ರಿ. ಸಣ್ಣಾಕಿದ್ದಾಗಿಂದ ಆಕಿಗೆ ಸಣ್ಣ ದನಿ ಕೇಳಂಗಿಲ್ಲ. ಈಗಂತೂ ಪೂರಾ ಹೋತು.”

ಮುಂದೆ ಹೋಗಿ ನಿಂತಾಗ ನೀನು ಗುರುತು ಹಿಡಿದು, ಹೊರಗಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ ಚಹಾ ತರಿಸಿದೆ. ಒಂದೊಂದೇ ಹೇಳಿದೆ, ಏನೂ ಆಗಿಲ್ಲವೆಂಬಂತೆ. ತೆಳ್ಳನೆಯ ದನಿಗಳು ಮೊದಲು ಹೋದವಂತೆ. ಹಕ್ಕಿ, ಗಡಿಯಾರ, ಹೆಂಗಸರ ಮಾತು. ದಪ್ಪ ಪೆಟ್ಟುಗಳು ಉಳಿದಿದ್ದವು, ಅದಕ್ಕೇ ಡಿಜೆ. ಕಿವುಡಿ ಎಂದು ಗೊತ್ತಾದರೆ ಮದುವೆಯಾಗುವುದಿಲ್ಲವೆಂದು ಅವ್ವ ಬಾಯಿ ಬಿಡಬೇಡ ಎಂದಿದ್ದಳಂತೆ. ಕಾಲೇಜಿಗೆ ಬರುತ್ತ ಸಂಜೆ ಶೆಡ್ಡಿನಲ್ಲಿ ದುಡಿಯುತ್ತಿದ್ದಾಗಲೇ ದವಾಖಾನೆಯಲ್ಲಿ ಹೇಳಿದ್ದರಂತೆ — ಶೆಡ್ಡು ಬಿಟ್ಟರೆ ಉಳಿದದ್ದು ಉಳಿದೀತು ಎಂದು. ನೀನು ಆ ಎಂಎಸ್ಸಿ ಸೀಟಿನ ಮೇಲೆ ಜೀವ ಇಟ್ಟದ್ದು ಅದಕ್ಕಾಗಿ. ಅದು ಸಿಗಲಿಲ್ಲ, ಮತ್ತೆ ಮಗ್ಗದ ಮುಂದೆ ನಿಂತೆ, ದಿನವಿಡೀ.

“ನಿಮ್ಮ ದನಿ ಹೆಂಗೈತಿ ಅಂತ ನನಗ ಗೊತ್ತ ಇಲ್ರಿ ಮೇಡಮ್ಮಾರ,” ಎಂದು ನಕ್ಕೆ. “ಖರೇನ. ಮೂರು ವರ್ಷ ನಿಮ್ಮ ಬಾಯಿ, ಬೋರ್ಡು ನೋಡೇ ಕಲ್ತೇನ್ರಿ. ಈಗ ಚಿಂತಿ ಇಲ್ರಿ, ಇಲ್ಲಿ ಎಲ್ಲಾರೂ ಕಿವುಡರ. ಇಲ್ಲಿ ನಾ ಭಾಳ ಶ್ಯಾಣ್ಯಾಕಿ.”

ನಾನು ಏನೋ ತೊದಲಿದೆ. ನೀನು ನನ್ನ ಕೈ ಮುಟ್ಟಿ ಹೇಳಿದೆ: “ನೀವು ನನ್ನ ಬಗ್ಗೆ ಛಲೋನ ಬರದು ಕೊಟ್ಟಿದ್ರಿ ಅಂತ ಗೊತ್ತೈತ್ರಿ. ಮ್ಯಾಲಿನವ್ರು ಬ್ಯಾರೆದಾಕೀನ ಆರಿಸಿದ್ರು. ಇರ್ಲಿ ಬಿಡ್ರಿ.”

ಆಗ ಹೇಳಬೇಕಿತ್ತು. ಬಾಯಿ ತೆರೆದೆ — ನೀನು ನನ್ನ ತುಟಿಗಳನ್ನೇ ನೋಡುತ್ತಿದ್ದೆ, ಆ ತರಗತಿಯಲ್ಲಿ ನೋಡಿದಂತೆಯೇ. ತುಟಿಗೆ ಚಹಾದ ಲೋಟ ಹಿಡಿದೆ. ಕುಡಿದು ಮುಗಿಸಿದೆ. ಸೀರೆ ತೆಗೆದುಕೊಂಡು ಬಸ್ಸು ಹತ್ತಿದೆ. ಇದು ಎರಡನೆಯ ತಪ್ಪು. ಇದನ್ನು ತಿಳಿದೂ ತಿಳಿದೂ ಮಾಡಿದೆ.

ಅಂದಿನಿಂದ ಯಾವ ಹಾಡೂ ಹಾಕಲಾರೆ. ನನ್ನ ರಾಗಗಳು ಶುರುವಾದರೆ ತಂಬೂರಿಯ ಆ ತೆಳ್ಳನೆಯ ನಾದ — ಇದು ನಿನಗೆ ಕೇಳುವುದಿಲ್ಲ ಎಂದುಕೊಳ್ಳುತ್ತೇನೆ. ಆರಿಸಿಬಿಡುತ್ತೇನೆ. ಒಂದು ದಿನ ಫೋನನ್ನು ಕಿವಿಯ ಹಿಂದೆ ಒತ್ತಿಕೊಂಡು, ಕಿವಿಗೆ ಅರಳೆ ತುರುಕಿ, ನಿನ್ನ ಹಾಡು ಹಾಕಿ ನೋಡಿದೆ. ಹಲ್ಲಿನಲ್ಲಿ, ದವಡೆಯಲ್ಲಿ ಬಂತು. ನಮ್ಮ ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ಲೆಕ್ಕ ಬಿಡಿಸುವಾಗ ಬರುತ್ತಿತ್ತಲ್ಲ, ಹಾಗೆಯೇ. ಅಳಲಿಲ್ಲ. ಅತ್ತರೆ ಹಗುರಾಗುತ್ತದೆ ಎಂದು ಗೊತ್ತಿತ್ತು.

ಪ್ರಿನ್ಸಿಪಾಲರಿಗೆ ಎಲ್ಲ ಹೇಳಿದ್ದೇನೆ. ಆ ಸಂಸ್ಥೆಗೂ ಬರೆದಿದ್ದೇನೆ — ನನ್ನ ಅಭಿಪ್ರಾಯ ಸುಳ್ಳು, ಅದನ್ನು ಬರೆದ ಕಾರಣ ಇದು, ಈ ಹುಡುಗಿಯನ್ನು ಮತ್ತೆ ಕರೆಯಿರಿ ಎಂದು. ಉತ್ತರ ಬಂದಿಲ್ಲ. ಬಂದರೂ, ನೀನು ಹೋದರೂ, ಹೋದ ಕಿವಿ ಬರುವುದಿಲ್ಲ. ಅದನ್ನು ನಾನು ಯಾವ ಕಾಗದದಲ್ಲೂ ಹಿಂದಕ್ಕೆ ಬರೆಯಲಾರೆ.

ಈ ಕಾಗದವನ್ನು ಅಂಚೆಗೆ ಹಾಕೋಣ ಎಂದಿದ್ದೆ. ಆಮೇಲೆ ಅಮಾವಾಸ್ಯೆಯವರೆಗೆ ಕಾದು ನಾನೇ ಬರೋಣ ಎಂದುಕೊಂಡೆ. ಅಂದು ಮಗ್ಗಗಳು ನಿಲ್ಲುತ್ತವೆ, ಸದ್ದಿರುವುದಿಲ್ಲ, ಮಾತಾಡಬಹುದು ಎಂದು. ಸದ್ದಿಲ್ಲದ ದಿನ ಯಾರಿಗೆ ಬೇಕು? ನನಗೆ. ನಿನಗೆ ಯಾವ ದಿನವಾದರೂ ಒಂದೇ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಮಗ್ಗ ನಡೆದಿರುವಾಗಲೇ, ಬಾಗಿಲ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ, ನಿನ್ನ ಎದುರಿಗೆ ನಿಲ್ಲುತ್ತೇನೆ. ತಲೆ ಬಗ್ಗಿಸುವುದಿಲ್ಲ, ಬಗ್ಗಿಸಿದರೆ ನಿನಗೆ ತುಟಿ ಕಾಣುವುದಿಲ್ಲ. ಈ ಕಾಗದದ ಮೊದಲ ಸಾಲನ್ನು ನಿಧಾನವಾಗಿ ಹೇಳುತ್ತೇನೆ. ನೀನು ನಂಬಲಾರದೆ ಎರಡು ಬೆರಳು ತುಟಿಗೆ ತಂದರೆ, ಇನ್ನೊಮ್ಮೆ ಹೇಳುತ್ತೇನೆ. ಮತ್ತೆ ತಂದರೆ, ಮತ್ತೆ.